ಸೂಳೆಕೆರೆಯ ಐತಿಹ್ಯ ಮತ್ತು ಪರಿಸರವಾದದ ಕವಲುಗಳು

ಪರಿಸರದ ಬಗೆಗಿನ ಕಾಳಜಿಯೆಲ್ಲವೂ ಪರಿಸರವಾದವಲ್ಲ. ಇರುವ ಆರ್ಥಿಕ ವ್ಯವಸ್ಥೆಯನ್ನು ಹಾಗೆಯೇ ಒಪ್ಪಿಕೊಂಡು ಅದರ ಹಾನಿಯನ್ನು ತಗ್ಗಿಸಬಯಸುವುದು ಸಂರಕ್ಷಣೆಯ ನಿಲುವು. ಆ ವ್ಯವಸ್ಥೆಯ ಬುಡವನ್ನೇ ಪ್ರಶ್ನಿಸುವುದು ರಾಜಕೀಯ ಸಿದ್ಧಾಂತ. 1990ರಲ್ಲಿ ಆಂಡ್ರ್ಯೂ ಡಾಬ್ಸನ್ ಸ್ಪಷ್ಟಪಡಿಸಿದ ಈ ಭೇದ ನಮ್ಮ ಜಾನಪದ ಅಧ್ಯಯನಗಳಲ್ಲಿ ಬಹುಮಟ್ಟಿಗೆ ಮಸುಕಾಗಿಯೇ ಉಳಿದಿದೆ. ಮರಕ್ಕೆ ಪೂಜೆ, ಹುತ್ತಕ್ಕೆ ಹಾಲು, ಕೆರೆಗೆ ಬಾಗಿನ ಇವುಗಳನ್ನು ಪಟ್ಟಿಮಾಡಿ, ಜನಪದರು ಸ್ವಭಾವತಃ ಪರಿಸರವಾದಿಗಳೆಂದು ತೀರ್ಮಾನಿಸುವುದು ನಮ್ಮಲ್ಲಿ ರೂಢಿಯಾಗಿದೆ. ಈ ತೀರ್ಮಾನವನ್ನು ಚನ್ನಗಿರಿ ತಾಲೂಕಿನ ಸೂಳೆಕೆರೆಯ ಐತಿಹ್ಯದ ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿರ್ಮಿಸಿದ ಈ ಕೆರೆ 11-12ನೆಯ ಶತಮಾನದ್ದೆಂದು ಹೇಳಲಾಗಿದೆ. ಸಿದ್ಧ ಮತ್ತು ಬಸವ ಎಂಬುವು ಇದರ ಎರಡು ತೂಬುಗಳ ಹೆಸರುಗಳು. ತ್ಯಾವಣಿಗೆ, ಬಸವಾಪಟ್ಟಣ ಸೀಮೆಯಲ್ಲಿ ಕೆರೆಯ ಕಥೆ ಪರಿಚಿತವಾದುದೇ. ಪಾಠಾಂತರಗಳು ಹಲವಿದ್ದರೂ ಕಥೆಯ ತಿರುಳು ಇಷ್ಟು: ಸ್ವರ್ಗಾವತಿ ಪಟ್ಟಣದ ಅರಸುಕುವರಿ ಶಾಂತವ್ವ ಅಪವಾದಕ್ಕೆ ಗುರಿಯಾಗುತ್ತಾಳೆ, ಅದರ ಪರಿಹಾರವಾಗಿ ಕೆರೆ ಕಟ್ಟಿಸಲು ಮುಂದಾಗುತ್ತಾಳೆ. ನೀರು ನಿಲ್ಲಬೇಕಾದ ನೆಲ ಸೂಳೆಯರದು. ಕೆರೆಗೆ ತಮ್ಮ ಹೆಸರಿಡಬೇಕೆಂಬ ಕರಾರಿನ ಮೇಲೆ ಅವರು ನೆಲ ಬಿಟ್ಟುಕೊಡುತ್ತಾರೆ.

ಈ ಕಥೆ ಪರಿಸರವಾದದ ಯಾವ ಕವಲಿಗೂ ಪೂರ್ಣವಾಗಿ ಒಗ್ಗುವುದಿಲ್ಲ. ಆರ್ನೆ ನೆಸ್ 1973ರಲ್ಲಿ ಮುಂದಿಟ್ಟ ಗಹನ ಪರಿಸರವಾದಕ್ಕೆ ಪ್ರಕೃತಿಯ ಸ್ವಂತ ಮೌಲ್ಯವೇ ಮುಖ್ಯ. ಆದರೆ ಇಲ್ಲಿ ಪೂಜೆಗೆ ಪಾತ್ರವಾಗಿರುವುದು ಹರಿಯುವ ಹಳ್ಳವನ್ನು ತಡೆದ ಮನುಷ್ಯನಿರ್ಮಿತಿ. 1974ರಲ್ಲಿ ಫ್ರಾನ್ಸಿನ ದೊಬೋನ್ ಹೆಸರಿಸಿದ ಪರಿಸರ ಸ್ತ್ರೀವಾದ ಕಥೆಗೆ ಹತ್ತಿರ ಬರುತ್ತದೆ. ಆದರೂ ಹೆಣ್ಣು ಮತ್ತು ಪ್ರಕೃತಿಯ ಸಹಜ ನಂಟನ್ನು ಸಾರುವ ಅದರ ಒಂದು ಧಾರೆಯನ್ನು ಕಥೆ ನಿರಾಕರಿಸುತ್ತದೆ. ಶಾಂತವ್ವನನ್ನು ಕೆರೆಯ ಬಳಿಗೆ ತಂದದ್ದು ನಂಟಲ್ಲ, ಕಳಂಕ. ಮನುಷ್ಯ ಮನುಷ್ಯನ ಮೇಲೆ ನಡೆಸುವ ಯಜಮಾನಿಕೆಯೇ ಪ್ರಕೃತಿಯ ಮೇಲಿನ ಯಜಮಾನಿಕೆಗೆ ಮೂಲವೆಂದ ಮರೆ ಬುಕ್‌ಚಿನ್ ಅವರ ಸಾಮಾಜಿಕ ಪರಿಸರವಾದವು ಕಥೆಯ ಒಳಬಿರುಕನ್ನು ಹೆಚ್ಚು ಸರಿಯಾಗಿ ಗುರುತಿಸುತ್ತದೆ. ಊರಿಗೆಲ್ಲ ನೀರಾದಾಗ ನೆಲ ಕಳೆದುಕೊಂಡವರಾರು ಎಂಬ ಪ್ರಶ್ನೆ ಇಲ್ಲಿ ಕೆರೆಯ ಹೆಸರಿನಲ್ಲಿಯೇ ಹುದುಗಿದೆ.

ಕರ್ನಾಟಕದ ಚಳವಳಿಗಳೂ ಇದೇ ಪ್ರಶ್ನೆಯ ಸುತ್ತ ಬೆಳೆದವು. 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯವರು ಮರಗಳನ್ನು ಅಪ್ಪಿಕೊಂಡಾಗ, ಸೊಪ್ಪು, ನೀರು ಮತ್ತು ತೋಟದ ಬದುಕು ಆ ಮರಗಳನ್ನು ಅವಲಂಬಿಸಿತ್ತು. ನೀಲಗಿರಿ ನೆಡುತೋಪಿಗಾಗಿ ಸಾಮೂಹಿಕ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ನೀಡಿದುದರ ವಿರುದ್ಧ 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆಯಿತು. ಅಲ್ಲಿ ಜನ ಸಸಿಗಳನ್ನು ಅಪ್ಪಲಿಲ್ಲ, ಕಿತ್ತರು. ಹಸಿರನ್ನೇ ಪರಿಸರವೆಂದು ತಿಳಿದವರಿಗೆ ಇವೆರಡೂ ಪರಸ್ಪರ ವಿರುದ್ಧ ಕ್ರಿಯೆಗಳಾಗಿ ಕಾಣುತ್ತವೆ. ಸಾಮೂಹಿಕ ನೆಲದ ಮೇಲಿನ ಹಕ್ಕಿನ ದೃಷ್ಟಿಯಿಂದ ನೋಡಿದರೆ ಎರಡೂ ಒಂದೇ. ಕುಸನೂರಿನ ನೆಲವನ್ನು ನೀಡುವಾಗ ಅದನ್ನು ಬಳಸುತ್ತಿದ್ದವರೊಡನೆ ಯಾವ ಕರಾರೂ ಆಗಿರಲಿಲ್ಲವೆಂಬುದೇ ಜಗಳದ ಮೂಲ.

ಐತಿಹ್ಯದ ಸೂಳೆಯರಿಗೆ ಕರಾರಾದರೂ ದಕ್ಕಿತ್ತು. ಇದನ್ನು ನ್ಯಾಯವೆನ್ನಲಾಗದು, ಮುಳುಗಿದ ನೆಲಕ್ಕೆ ಹೆಸರು ಸಮನಾದ ಬೆಲೆಯಲ್ಲ. ಆದರೆ ಬೆಲೆ ತೆತ್ತವರ ನೆನಪನ್ನು ಜನಪದರು ತಲೆಮಾರುಗಳ ಕಾಲ ನಾಲಗೆಯ ಮೇಲೆ ಉಳಿಸಿಕೊಂಡರು. ಮರ್ಯಾದೆಗೆ ಅಂಜಿ ನಾವು ಕಾಗದಪತ್ರಗಳಲ್ಲಿ, ಫಲಕಗಳಲ್ಲಿ ‘ಶಾಂತಿಸಾಗರ’ವೆಂದು ಬರೆದೆವು. ಕಥೆಯ ತರ್ಕದಂತೆ ಇದು ಕರಾರಿನ ಉಲ್ಲಂಘನೆ. ಜನಪದವನ್ನು ಪ್ರಕೃತಿಪ್ರೇಮದ ಭಂಡಾರವೆಂದಷ್ಟೇ ಓದುವ ವಿದ್ವತ್ತೂ ಬೇರೊಂದು ಬಗೆಯಲ್ಲಿ ಇದೇ ಉಲ್ಲಂಘನೆಯನ್ನು ಮಾಡುತ್ತಿದೆ. ಐತಿಹ್ಯವು ಪರಿಸರವಾದಕ್ಕೆ ಒದಗಿಸುವುದು ಸಮಾಧಾನವನ್ನಲ್ಲ, ಇತ್ಯರ್ಥವಾಗದ ಲೆಕ್ಕವನ್ನು. ಸಂಶೋಧಕನು ಆ ಲೆಕ್ಕವನ್ನು ಅಳಿಸದೆ ದಾಖಲಿಸಬೇಕಾಗಿದೆ.