ಮ್ಯೂಟ್ ಮಾಡಿದ ವಿಡಿಯೊ: ಕಾಸರಗೋಡಿನ ಕನ್ನಡ ತರಗತಿಯಿಂದ ಟಿಪ್ಯಾಕ್ ಚೌಕಟ್ಟಿನ ವಿಮರ್ಶೆ

ನನ್ನ ಸ್ವರ ಕೇಳ್ತಾ ಉಂಟಲ್ವಾ? ಸರಿ, ಶುರು ಮಾಡ್ತೇನೆ.

ಬಿ.ಎಡ್. ಓದಿದ ನಮಗೆಲ್ಲ ಟಿಪ್ಯಾಕ್ ಗೊತ್ತು. ವಿಷಯಜ್ಞಾನವೂ ಬೋಧನಾಜ್ಞಾನವೂ ಕೂಡುವ ಜಾಗವನ್ನು ಶುಲ್ಮನ್ 1986ರಲ್ಲಿ ಗುರುತಿಸಿದರು. ಮಿಶ್ರಾ ಮತ್ತು ಕೋಹ್ಲರ್ 2006ರಲ್ಲಿ ಅದಕ್ಕೆ ತಂತ್ರಜ್ಞಾನವನ್ನು ಸೇರಿಸಿದರು. ಯಂತ್ರ ಇದ್ದರೆ ಸಾಲದು, ಅದು ಪಾಠಕ್ಕೂ ಕಲಿಸುವ ಕ್ರಮಕ್ಕೂ ಹೊಂದಬೇಕು ಎಂದು ಹೇಳಿದ್ದು ಈ ಚೌಕಟ್ಟಿನ ದೊಡ್ಡ ಉಪಕಾರ. ನನ್ನ ತಕರಾರು ಒಂದೇ: ಈ ಮೂರು ವೃತ್ತಗಳು ಯಾವ ಭಾಷೆಯಲ್ಲಿ ಮಾತಾಡುತ್ತವೆ?

ಕೇರಳದಲ್ಲಿ ಯಂತ್ರದ ಕೆಲಸ ಚೆನ್ನಾಗಿಯೇ ನಡೆದಿದೆ. ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಸಂಸ್ಥೆಯಾಯಿತು. ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು. 2020ರ ಜೂನ್ 1ರಂದು ವಿಕ್ಟರ್ಸ್ ಚಾನೆಲ್‌ನಲ್ಲಿ ಫಸ್ಟ್ ಬೆಲ್ ಶುರುವಾದಾಗ ಕನ್ನಡ ಮಾಧ್ಯಮದ ಪಾಠಗಳೂ ಯೂಟ್ಯೂಬಿಗೆ ಬಂದವು. ಇದನ್ನು ಮರೆಯಬಾರದು. ಆದರೆ ದಿನನಿತ್ಯ ಶಿಕ್ಷಕರ ಕೈಗೆ ಸುಲಭದಲ್ಲಿ ಸಿಗುವುದು ಮಲಯಾಳಂ ಅಥವಾ ಇಂಗ್ಲಿಷ್ ವಿಡಿಯೊ. ಕರ್ನಾಟಕದ್ದು ಹಾಕೋಣ ಅಂದ್ರೆ ಭಾಷೆ ನಮ್ಮದು, ಪಠ್ಯಕ್ರಮ ಬೇರೆ.

ನಾನು ಕಂಡ ಒಂದು ಪಾಠ ಹೇಳ್ತೇನೆ. ಪರದೆಯಲ್ಲಿ ಎಲೆ, ಬಿಸಿಲು. ವಿಡಿಯೊದ ಧ್ವನಿ 'ಪ್ರಕಾಶಸಂಶ್ಲೇಷಣಂ' ಅನ್ನುತ್ತಿತ್ತು. ಮಕ್ಕಳು ಕಲಿತದ್ದು 'ದ್ಯುತಿಸಂಶ್ಲೇಷಣೆ'. ಎರಡೂ ಸಂಸ್ಕೃತವೇ, ದ್ಯುತಿಯೂ ಪ್ರಕಾಶವೂ ಬೆಳಕೇ. ಆದರೂ ಒಬ್ಬಳು ಹುಡುಗಿ, "ಇದು ಬೇರೆಯದಾ ಟೀಚರ್?" ಎಂದು ಕೇಳಿದಳು. ಟೀಚರ್ ವಿಡಿಯೊ ಮ್ಯೂಟ್ ಮಾಡಿದರು. ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ ತಾವೇ ಕನ್ನಡದಲ್ಲಿ ವಿವರಿಸಿದರು, ನಡುವೆ ತುಳುವಿನಲ್ಲಿ ಒಂದು ಪ್ರಶ್ನೆ ಕೇಳಿದರು, ಎರಡೂ ಪದಗಳನ್ನು ಬೋರ್ಡಿನಲ್ಲಿ ಅಕ್ಕಪಕ್ಕ ಬರೆದರು. ಪಾಠ ವೀಕ್ಷಣೆಯ ಫಾರಂನಲ್ಲಿ ಇದಕ್ಕೆ ಕಾಲಂ ಇರಲಿಲ್ಲ. 'ವಿಡಿಯೊ ಬಳಸಿದ್ದಾರೆ' ಎಂದಷ್ಟೇ ಬರೆಯಬೇಕಾಯಿತು.

ಟಿಪ್ಯಾಕ್ ಚಿತ್ರದಲ್ಲಿ 'ಸಂದರ್ಭ' ಎಂಬ ಹೊರವೃತ್ತ ಉಂಟಲ್ಲ, ಭಾಷೆ ಅದರೊಳಗೆ ಬಂತಲ್ಲ ಎಂದು ನೀವು ಕೇಳಬಹುದು. ಬಂತು ಅಂತ ನನಗೆ ಅನ್ನಿಸುವುದಿಲ್ಲ. ಯಾವ ಪದ ಸರಿ ಎಂಬುದು ವಿಷಯಜ್ಞಾನ; ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಬೇಕು ಎಂಬುದು ಬೋಧನಾಜ್ಞಾನ; ಎಲ್ಲಿ ಮ್ಯೂಟ್ ಒತ್ತಬೇಕು ಎಂಬುದು ತಂತ್ರಜ್ಞಾನದ ಅರಿವು. ಗಡಿನಾಡಿನಲ್ಲಿ ಭಾಷೆ ಮೂರು ವೃತ್ತಗಳ ಒಳಗೇ ಉಂಟು.

ಹಾಗಂತ ಆ ಟೀಚರನ್ನು ಹೊಗಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಪ್ರತಿ ಪಾಠಕ್ಕೂ ಒಬ್ಬರೇ ದುಭಾಷಿ ಆಗುವುದು ದೊಡ್ಡ ಹೊರೆ. ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದ್ದರ ವಿರುದ್ಧ ಕಾಸರಗೋಡಿನಲ್ಲಿ ಪ್ರತಿಭಟನೆಗಳೇ ನಡೆದಿವೆ. ಅಂಥ ತರಗತಿಯಲ್ಲಿ ವಿಡಿಯೊ ಮ್ಯೂಟ್ ಮಾಡಿದರೆ ಮತ್ತೆ ಮಾತಾಡುವವರು ಯಾರು?

ಆದ್ದರಿಂದ ನನ್ನ ಸಲಹೆ ಸಣ್ಣದು. ಕನ್ನಡ ಬಲ್ಲ ಶಿಕ್ಷಕರು ಈಗಿರುವ ವಿಡಿಯೊಗಳಿಗೇ ಮೊಬೈಲಿನಲ್ಲಿ ಕನ್ನಡ ವಿವರಣೆ ರೆಕಾರ್ಡ್ ಮಾಡಿ ಹಂಚಿಕೊಳ್ಳಲಿ. ಜೊತೆಗೆ ಪಾಠವಾರು ಕನ್ನಡ-ಮಲಯಾಳಂ ಪದಪಟ್ಟಿ ಇರಲಿ. ಇದು ಕನ್ನಡ ಬಲ್ಲ ಶಿಕ್ಷಕರ ನೇಮಕಕ್ಕೆ ಬದಲಿ ಅಲ್ಲ, ಅದು ಆಗಲೇಬೇಕು. ಇನ್ನು ಪ್ರೊಜೆಕ್ಟರ್ ಎಷ್ಟು ಎಂದು ಎಣಿಸುವವರು, ಅದರಿಂದ ಬರುವ ಮಾತು ಎಷ್ಟು ಮಕ್ಕಳಿಗೆ ಅರ್ಥ ಆಯ್ತು ಅಂತಲೂ ಕೇಳಲಿ.

ಪ್ರಶ್ನೆಗಳಿದ್ದರೆ ಕೇಳಿ.