ಹದಿಮೂರು ಸೆಕೆಂಡಿಗೆ ಮುಂಚಿನ ನಾಲ್ಕು ದಿನ

ಈ ವಾರ ಮಸಿ, ನಿಬ್ಬುಗಳ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಕಪ್ಪು ಮಸಿಯ ಬಲ ತೋರಿಸಲೆಂದೇ ಡರ್ಫ್ ಬ್ಯಾಕ್‌ಡರ್ಫ್‌ನ ಚಿತ್ರಕಾದಂಬರಿ ‘ಕೆಂಟ್ ಸ್ಟೇಟ್’ (2020) ಕಪಾಟಿನಿಂದ ತೆಗೆದೆ. ಓದುತ್ತಾ ಕೂತವನಿಗೆ ಮಸಿ ಮರೆತೇಹೋಯಿತು.

ಕಾಂಬೋಡಿಯಕ್ಕೆ ಸೇನೆ ನುಗ್ಗಿಸಿದ್ದನ್ನು ಅಮೆರಿಕದ ಅಧ್ಯಕ್ಷ ನಿಕ್ಸನ್ 1970ರ ಏಪ್ರಿಲ್ 30ರಂದು ಪ್ರಕಟಿಸಿದ. ಕ್ಯಾಂಪಸ್‌ಗಳು ಸಿಡಿದೆದ್ದವು. ಮೇ 4ರಂದು ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಮಂದಿ ಗಾಯಗೊಂಡರು. ಜಗತ್ತಿಗೆ ಈ ದಿನ ನೆನಪಿರುವುದು ಜಾನ್ ಫೀಲೋ ತೆಗೆದ, ಪುಲಿಟ್ಜರ್ ಪಡೆದ ಫೋಟೋದಿಂದ: ಹೆಣದ ಪಕ್ಕ ಮಂಡಿಯೂರಿ ಚೀರುವ 14ರ ಹುಡುಗಿ.

ಫೋಟೋ ಎಂದರೆ ಸಾಕ್ಷಿ, ಕೈಯಲ್ಲಿ ಬರೆದ ಚಿತ್ರ ಬರೀ ಕಲ್ಪನೆ ಎಂದು ನನ್ನೊಡನೆ ವರ್ಷಗಟ್ಟಲೆ ಜಗಳವಾಡಿದವರಿದ್ದಾರೆ. ಇದೇ ಫೋಟೋದ ನಂತರದ ಕೆಲವು ಮುದ್ರಣಗಳಲ್ಲಿ ಹುಡುಗಿಯ ತಲೆಯ ಹಿಂದಿದ್ದ ಬೇಲಿ ಕಂಬವನ್ನು ಅಳಿಸಿಹಾಕಿದ್ದರು! ಬ್ಯಾಕ್‌ಡರ್ಫ್ ತನ್ನ ‘ಕಲ್ಪನೆ’ಗೆ ಆಧಾರವೇನೆಂದು ಪುಸ್ತಕದ ಕೊನೆಗೆ ಪುಟಗಟ್ಟಲೆ ಟಿಪ್ಪಣಿ ಬರೆದು ಲೆಕ್ಕ ಒಪ್ಪಿಸಿದ್ದಾನೆ.

ಕಂಬ ಹೋಗಲಿ. ಆ ಫೋಟೋದಲ್ಲಿ ಜೆಫ್ರಿ ಮಿಲ್ಲರ್ ಆಗಲೇ ಹೆಣ. ಬ್ಯಾಕ್‌ಡರ್ಫ್ ಅವನಿಗೂ ಆಲಿಸನ್ ಕ್ರೌಸ್, ವಿಲಿಯಂ ಶ್ರೋಡರ್, ಸಾಂಡ್ರಾ ಶೋಯರ್‌ಗೂ ಕೊನೆಯ ನಾಲ್ಕು ದಿನ ಬದುಕಲು ಬಿಡುತ್ತಾನೆ. ಉದ್ದ ಕೈಕಾಲಿನ, ಒರಟು ಗೆರೆಯ ಹುಡುಗ ಹುಡುಗಿಯರು. ಅವರ ಓಡಾಟ, ಹರಟೆ, ಗೆಳೆತನದ ಜೊತೆಗೇ ಲಾರಿ ಚಾಲಕರ ಮುಷ್ಕರದ ಕಾವಲಿನಿಂದ ನೇರ ಇಲ್ಲಿಗೆ ಬಂದ, ನಿದ್ದೆಗೆಟ್ಟ ಸೈನಿಕರನ್ನೂ ಬರೆಯುತ್ತಾನೆ. ಅದೇ ಕಾವಲಿನ ಸೈನಿಕರನ್ನು ಹತ್ತು ವರ್ಷದವನಿದ್ದಾಗ ತನ್ನೂರಲ್ಲೇ ಕಂಡವನು ಅವನು. ಅಶ್ರುವಾಯು ತಡೆಯುವ ಮುಖವಾಡ ಹಾಕಿಕೊಂಡರೆಂದರೆ ಮುಗಿಯಿತು, ಆ ಸೈನಿಕರಿಗೆ ಮುಖವೇ ಉಳಿಯುವುದಿಲ್ಲ. ಕಣ್ಣಿನ ಜಾಗದಲ್ಲಿ ಬರೀ ಗಾಜು.

ಶ್ರೋಡರ್ ಸ್ವತಃ ಸೇನಾಧಿಕಾರಿಯಾಗಲು ತರಬೇತಿ ಪಡೆಯುತ್ತಿದ್ದವನು. ನೆಲಕ್ಕೆ ಕವುಚಿ ಮಲಗಿದ್ದವನ ಬೆನ್ನಿಗೆ ಗುಂಡು ಬಿತ್ತು. ಸಾಂಡ್ರಾ ಪ್ರತಿಭಟನೆಗೆಂದು ಬಂದವಳೇ ಅಲ್ಲ, ಕ್ಲಾಸಿಗೆ ಹೊರಟಿದ್ದಳು. ಬಂದೂಕುಗಳಿಗೂ ಅವಳಿಗೂ ನಡುವೆ ಸುಮಾರು 390 ಅಡಿ. ಕ್ರಿಕೆಟ್ ಪಿಚ್ಚುಗಳನ್ನು ಉದ್ದಕ್ಕೆ ಜೋಡಿಸಿದರೆ ಹೆಚ್ಚುಕಡಿಮೆ ಆರು. ಮೂರನೆಯ ಸಲದ ಓದಿನಲ್ಲೂ ಆ ಪುಟ ಮಗುಚಲು ನನಗೆ ಕೈ ಬರಲಿಲ್ಲ.