ತಂಬುಳಿಗೆ ಸಾಲುವಷ್ಟು ತೋಟ

ಏಪ್ರಿಲ್ ತಿಂಗಳ ರಾತ್ರಿ ಎಂಟು ಗಂಟೆ. ಈರುಳ್ಳಿ, ಟೊಮೆಟೊ ಬಾಡಿಸಿ, ಮಸಾಲೆ ರುಬ್ಬಿ, ಕುಕ್ಕರನ್ನು ನಾಲ್ಕು ಸಲ ಕೂಗಿಸಿ, ಸೆರಗಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಡಿಸಿ, ಅದನ್ನು ‘ನಮ್ಮ ತಾರಸಿ ತೋಟದ ಬೇಸಿಗೆ ಊಟ’ ಎಂದು ಕರೆದರೆ ನನ್ನದೊಂದು ತಕರಾರಿದೆ. ತರಕಾರಿ ತಾಜಾ ಇದ್ದೀತು. ಊಟ ಮಾತ್ರ ಬೇಸಿಗೆಯದಲ್ಲ.

ಬೆಂಗಳೂರಿನಲ್ಲಿ ತಾರಸಿ ತೋಟ ಈಗ ಹೊಸ ಹುಚ್ಚೇನಲ್ಲ. ಡಾ. ಬಿ.ಎನ್. ವಿಶ್ವನಾಥ್ ಅಂಥವರು ವರ್ಷಗಟ್ಟಲೆ ಜನಕ್ಕೆ ಇದನ್ನು ಕಲಿಸಿದರು. ‘ಊಟ ಫ್ರಮ್ ಯುವರ್ ತೋಟ’ ಮೇಳಗಳಿಗೆ ಬೀಜ, ಸಸಿ ಹುಡುಕಿಕೊಂಡು ಬರುವವರನ್ನು ನೋಡಿದರೆ ಸಂತೋಷವಾಗುತ್ತದೆ. ನಾನೂ ಹದಿನೆಂಟು ಗ್ರೋ ಬ್ಯಾಗುಗಳ ಯಜಮಾನಿ. ಆದರೆ ಏನು ಬೆಳೆಯಬೇಕೆಂದು ನಾವು ತೀರ್ಮಾನಿಸುವುದು ಬಿಸಿಲು ನೋಡಿ ಅಲ್ಲ, ಅಂಗಡಿಯ ಬುಟ್ಟಿ ನೋಡಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24ರ ಕೆಳಗೆ ಇಳಿಯದಿದ್ದರೆ ಟೊಮೆಟೊ ಹೂವು ಕಾಯಿ ಕಚ್ಚದೆ ಉದುರುತ್ತದೆ. ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂ ಬಿಟ್ಟು ಬೀಜದ ಚಿಂತೆಗೆ ಬೀಳುತ್ತದೆ. ಹೋದ ಬೇಸಿಗೆಯಲ್ಲಿ ನನ್ನ ನಾಲ್ಕು ಟೊಮೆಟೊ ಗಿಡಗಳು ಸೇರಿ ಕೊಟ್ಟದ್ದು ಏಳು ಹಣ್ಣು. ಅದರಲ್ಲೊಂದನ್ನು ಅಳಿಲು ತಿಂದಿತು. ಉಳಿದ ಆರನ್ನು ಸಾರಿಗೆ ಹಾಕಿ, ಬಡಿಸುವಾಗ ಎರಡೆರಡು ಸಲ ಹೇಳಿದೆ, ‘ಇದು ನಮ್ಮ ಗಿಡದ್ದು’ ಎಂದು. ಹೇಳದಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಶಿರಸಿ ಕಡೆಯ ನಮ್ಮ ಮನೆಯ ಹಿತ್ತಿಲಲ್ಲಿ ಬೇಸಿಗೆಗೆ ಇದ್ದದ್ದು ಬೆರಳೆಣಿಕೆಯ ಗಿಡ. ಬಚ್ಚಲ ನೀರು ಹೋಗುವಲ್ಲಿ ಬಸಳೆ ಚಪ್ಪರ. ಬಾವಿಕಟ್ಟೆಯ ಜೌಗಿನಲ್ಲಿ ಒಂದೆಲಗ. ಕಟ್ಟೆಯ ಮೂಲೆಯಲ್ಲಿ ದೊಡ್ಡಪತ್ರೆ, ಬೇಲಿಯಲ್ಲಿ ಚಕ್ರಮುನಿ. ಇದನ್ನು ಯಾರೂ ನಕಾಶೆ ಬರೆದು ಮಾಡಿದ್ದಲ್ಲ. ಚೆಲ್ಲಿದ ನೀರು ಹೋದಲ್ಲಿ ಗಿಡ ಹೋಯಿತು, ಅಷ್ಟೆ. ಅಡುಗೆಯೂ ಹಾಗೆಯೇ, ಸಿಕ್ಕಿದ ಹಿಡಿ ಸೊಪ್ಪಿನಲ್ಲಿ ಹತ್ತು ಜನಕ್ಕೆ ಆಗಬೇಕು, ಒಲೆ ಹೆಚ್ಚು ಹೊತ್ತು ಉರಿಯಬಾರದು. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ನೀರು ಹುಡುಕುವ ವಿದ್ಯೆ, ಗಿಡಮರ ಬೆಳೆಸುವ ವಿದ್ಯೆ, ಅಡುಗೆ ವಿದ್ಯೆ ಮೂರನ್ನೂ ಒಂದೇ ಪುಸ್ತಕದಲ್ಲಿಟ್ಟ. ನಮಗೆ ಈಗ ಅವು ಮೂರು ಬೇರೆ ಬೇರೆ ಹವ್ಯಾಸ.

ತಂಬುಳಿಯನ್ನೇ ತೆಗೆದುಕೊಳ್ಳಿ. ದೊಡ್ಡಪತ್ರೆಯ ಎಲೆ ಹತ್ತು ಸಾಕು. ಅರ್ಧ ಚಮಚ ತುಪ್ಪಕ್ಕೆ ಜೀರಿಗೆ, ನಾಲ್ಕು ಕಾಳು ಮೆಣಸು ಹಾಕಿ, ಅದು ಚಟಪಟ ಎಂದ ಮೇಲೆ ಎಲೆ ಹಾಕಬೇಕು. ದಪ್ಪ ಎಲೆ, ಒಳಗೆಲ್ಲ ನೀರು. ಮೊದಲು ಬಾಣಲೆಯಲ್ಲಿ ಚುರ್ ಎನ್ನುತ್ತದೆ, ಮೂಗಿಗೆ ಅಡರುವ ಅಜವಾನದಂಥ ಘಾಟು ಏಳುತ್ತದೆ. ಎರಡು ನಿಮಿಷಕ್ಕೆ ಎಲೆ ಮುದುಡಿ, ಹಸಿರು ಹೋಗಿ ಪಾಚಿಯ ಬಣ್ಣಕ್ಕೆ ತಿರುಗಿದಾಗ ಆ ಘಾಟು ಮೆದುವಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಆರಿದ ಮೇಲೆ ಎರಡು ಚಮಚ ತೆಂಗಿನತುರಿಯ ಜೊತೆ ನುಣ್ಣಗೆ ರುಬ್ಬಿ, ನೀರು ಮಜ್ಜಿಗೆಗೆ ಕದಡಿ, ಉಪ್ಪು ಹಾಕಿದರೆ ಮುಗಿಯಿತು. ಆರುವ ತಾಳ್ಮೆಯಿಲ್ಲದೆ ಬಿಸಿಬಿಸಿಯಾಗಿ ಮಜ್ಜಿಗೆಗೆ ಸುರಿದು, ಒಡೆದು ಹೋದದ್ದನ್ನು ನಾನೊಮ್ಮೆ ಗಿಡದ ಬುಡಕ್ಕೆ ಚೆಲ್ಲಿದ್ದೇನೆ.

ಇದರಲ್ಲೂ ಕೆಡಿಸುವವರಿದ್ದಾರೆ. ಪೇಟೆಯ ತಂಬುಳಿಯಲ್ಲಿ ಎರಡು ದೋಷ: ತೆಂಗಿನಕಾಯಿ ಜಾಸ್ತಿ, ಹಸಿಮೆಣಸು ಜಾಸ್ತಿ. ಆಗ ಅದು ನೀರು ಹಾಕಿದ ಚಟ್ನಿ. ತಂಬುಳಿ ಎಂದರೆ ಬಾಳೆಲೆಯ ಮೇಲೆ ಬಡಿಸಿದಾಗ ಅನ್ನದ ಕಟ್ಟೆ ಒಡೆದು ಓಡಬೇಕು. ಹೆಸರಿನಲ್ಲೇ ತಂಪೂ ಇದೆ, ಹುಳಿಯೂ ಇದೆ. ಖಾರಕ್ಕೆ ಅಲ್ಲಿ ಜಾಗವಿಲ್ಲ. ಬೆಳ್ಳುಳ್ಳಿ ಹಾಕುವವರ ಜೊತೆ ನಾನು ಮಾತಾಡುವುದಿಲ್ಲ.

ಅಪ್ಪೆಹುಳಿಯ ವಿಷಯದಲ್ಲಿ ಇಷ್ಟು ಧೈರ್ಯವಾಗಿ ಮಾತಾಡಲಾರೆ. ಮಾವಿನಕಾಯಿ ಬೇಯಿಸಿ ಕಿವುಚಿ, ಬೇಕಷ್ಟು ನೀರು, ಉಪ್ಪು, ಚೂರು ಬೆಲ್ಲ ಹಾಕಿ, ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಆಯಿತೆಂದು ಹೇಳುವುದು ಸುಲಭ. ಆದರೆ ಅದರ ಜೀವ ಇರುವುದು ಅಪ್ಪೆಕಾಯಿಯ ಪರಿಮಳದಲ್ಲಿ. ಅಘನಾಶಿನಿ, ಶರಾವತಿ ದಂಡೆಯ ಮರದ ಕಾಯಿಯ ಸೊನೆಯ ವಾಸನೆ ಬೆಂಗಳೂರಿನ ತೋತಾಪುರಿಯಿಂದ ಬಾರದು. ಹುಳಿ ಬರುತ್ತದೆ, ಅಪ್ಪೆ ಬರುವುದಿಲ್ಲ. ಲೋಟಕ್ಕೆ ಹಾಕಿ ಕುಡಿದು ಮಲಗಿದರೆ ಒಳ್ಳೆ ನಿದ್ದೆ ಎಂಬ ನಮ್ಮೂರ ಮಾತು ಮಾತ್ರ ತೋತಾಪುರಿಗೂ ಸುಮಾರಾಗಿ ಹೊಂದುತ್ತದೆ.

ಹಾಗೆಂದು ಹಿತ್ತಿಲನ್ನು ಹಾಡಿ ಹೊಗಳುವ ಮನಸ್ಸೂ ನನಗಿಲ್ಲ. ಮಾರ್ಚ್ ಮುಗಿಯುವ ಹೊತ್ತಿಗೆ ಬಾವಿಯ ನೀರು ತಳ ಕಾಣುತ್ತಿತ್ತು, ಹಗ್ಗ ಉದ್ದವಾಗುತ್ತಿತ್ತು, ಸಂಜೆ ಅಷ್ಟೂ ಕೊಡ ಸೇದುತ್ತಿದ್ದದ್ದು ಆಯಿ. ಆ ಬೆನ್ನುನೋವನ್ನು ಬಿಟ್ಟು ಬರೀ ಪರಿಮಳ ಬರೆಯುವುದು ಅನ್ಯಾಯ. ಇನ್ನೊಂದು, ತಂಬುಳಿ ಅಲ್ಲಿ ಮಧ್ಯಾಹ್ನದ ಅಡುಗೆ. ರಾತ್ರಿ ಸೊಪ್ಪು ಬೇಡ, ಮೊಸರು ಬೇಡ ಎನ್ನುವ ಮನೆ ಅದು. ರಾತ್ರಿಗೆ ಮಧ್ಯಾಹ್ನದ ಮೊಗೆಕಾಯಿ ಹುಳಿಯನ್ನೇ ಮತ್ತೊಮ್ಮೆ ಕುದಿಸಿ ಉಣ್ಣುತ್ತಿದ್ದೆವು. ಪೇಟೆಯಲ್ಲಿ ಮಧ್ಯಾಹ್ನ ಎಲ್ಲರದ್ದೂ ಡಬ್ಬಿ, ಒಟ್ಟಿಗೆ ಕೂರುವುದು ರಾತ್ರಿ ಮಾತ್ರ. ಹಾಗಾಗಿ ತಂಬುಳಿ ರಾತ್ರಿಗೆ ದಾಟಿತು. ಮಜ್ಜಿಗೆ ಬೇರೆ, ಮೊಸರು ಬೇರೆ ಎಂದು ವಾದಿಸಿ ಅತ್ತೆಯನ್ನು ಒಪ್ಪಿಸಿದ್ದೇನೆ. ಪೂರ್ತಿ ಒಪ್ಪಿದ್ದಾರೆ ಎಂದೇನೂ ಅಲ್ಲ, ಬಡಿಸಿಕೊಳ್ಳುತ್ತಾರೆ.

ತಾರಸಿ ತೋಟದ ನಿಜವಾದ ಪರೀಕ್ಷೆ ನಡೆದದ್ದು 2024ರ ಮಾರ್ಚ್‌ನಲ್ಲಿ. ನೀರಿನ ಅಭಾವದಿಂದ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯುವುದಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಆ ತಿಂಗಳು ನನ್ನ ಗಿಡಗಳಿಗೆ ಸಿಕ್ಕಿದ್ದು ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಮಾತ್ರ. ಬಚ್ಚಲ ನೀರು ಹಾಕಲು ಮನಸ್ಸಾಗಲಿಲ್ಲ. ಆಯಿಯ ಬಸಳೆಗೆ ಹೋಗುತ್ತಿದ್ದದ್ದು ಸೀಗೆಪುಡಿ, ಕಡಲೆಹಿಟ್ಟಿನ ನೀರು, ನಮ್ಮದು ಶಾಂಪೂ. ಹದಿನೈದು ದಿನದಲ್ಲಿ ಬ್ರೊಕೋಲಿ ಹೋಯಿತು, ಕ್ಯಾಪ್ಸಿಕಂ ಹೋಯಿತು, ಪುದೀನ ಒಣಗಿ ಕಡ್ಡಿಯಾಯಿತು. ದೊಡ್ಡಪತ್ರೆಗೆ ಏನೂ ಆಗಲಿಲ್ಲ. ಬಸಳೆ ಸೊರಗಿದರೂ ಕುಡಿ ಬಿಡುವುದನ್ನು ನಿಲ್ಲಿಸಲಿಲ್ಲ. ಹರಿವೆಗಂತೂ ಬಿಸಿಲೇ ಗೊಬ್ಬರ.

ಆ ದಿನಗಳ ರಾತ್ರಿ ಊಟ ನನ್ನ ಮಟ್ಟಿಗೆ ಈ ತಾರಸಿಯ ಅತ್ಯುತ್ತಮ ಊಟ. ಅನ್ನ, ದೊಡ್ಡಪತ್ರೆ ತಂಬುಳಿ, ಹರಿವೆ ದಂಟಿನ ಪಲ್ಯ, ಹುರಿದ ಹಪ್ಪಳ. ಅನ್ನಕ್ಕೆ, ಪಲ್ಯಕ್ಕೆ, ಹಪ್ಪಳಕ್ಕೆ ಸೇರಿ ಗ್ಯಾಸ್ ಉರಿದದ್ದು ಅರ್ಧ ಗಂಟೆಗಿಂತ ಕಡಿಮೆ. ಮಗ ಎರಡನೆಯ ಸಲ ತಂಬುಳಿ ಕೇಳಿದ. ‘ನಮ್ಮ ಗಿಡದ್ದು’ ಎಂದು ಹೇಳುವ ಅಗತ್ಯ ಬೀಳಲಿಲ್ಲ, ಅಂಗಡಿಯಲ್ಲಿ ಅದು ಸಿಗುವುದೇ ಇಲ್ಲವಲ್ಲ.

ತಾರಸಿ ತೋಟ ತಪ್ಪಲ್ಲ, ಅದರಿಂದ ನಾವು ಕೇಳುತ್ತಿರುವ ಊಟ ತಪ್ಪು. ಮಳೆ ಹಿಡಿದ ಮೇಲೆ ಬೇಕಾದ್ದು ಬೆಳೆಯಿರಿ, ಚಳಿಗಾಲಕ್ಕೆ ಟೊಮೆಟೊ ಹಾಕಿ, ಸಾರು ಮಾಡಿ, ನನ್ನನ್ನೂ ಕರೆಯಿರಿ. ಬೇಸಿಗೆಯ ಮೂರು ತಿಂಗಳು ಮಾತ್ರ ತಂಬುಳಿಗೆ, ಒಂದು ಪಲ್ಯಕ್ಕೆ ಸಾಲುವಷ್ಟು ತೋಟ ಸಾಕು. ಖಾಲಿಯಾದ ಟೊಮೆಟೊ ಚೀಲಗಳಲ್ಲಿ ನಾನು ಈ ಸಲ ಹರಿವೆ ಬೀಜ ಎರಚಿದ್ದೇನೆ. ಇಪ್ಪತ್ತೈದು ದಿನಕ್ಕೆ ಕೊಯ್ಲಿಗೆ ಬರುತ್ತದೆ.